ನಾಳೆರಾಯರು ಮೊದಲೇ ಕಟ್ಟಿದ ಕಂತು

ನನ್ನ ಭಾವನನ್ನು ನಮ್ಮ ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ನಾಳೆರಾಯರು ಎಂದರೆ ಸಾಕು, ಹಾಲು ಹಾಕುವವನಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಎಲ್ಲರೂ ನಮ್ಮ ಅಂಗಡಿಯ ಕಡೆ ಬೆರಳು ತೋರಿಸುತ್ತಾರೆ. ಸೋಫಾ, ಕುರ್ಚಿಗಳಿಗೆ ಕುಶನ್ ಹಾಕುವುದು ಅವರ ಕಸುಬು. ಕಸುಬಿನಲ್ಲಿ ಕೊಂಕು ತೆಗೆಯುವ ಹಾಗಿಲ್ಲ. ಅವರು ಕಟ್ಟಿದ ಸ್ಪ್ರಿಂಗ್ ಮೇಲೆ ಮನೆಮಂದಿಯೆಲ್ಲ ಕುಣಿದರೂ ಕಿರ್ ಅನ್ನುವುದಿಲ್ಲ. ಆದರೆ ಆ ಸೋಫಾ ಮೊದಲು ಮನೆ ಸೇರಬೇಕಲ್ಲ! "ಯಾವಾಗ ಕೊಡ್ತೀರಿ?" ಎಂದು ಕೇಳಿದರೆ ಭಾವ ಮುಖದ ತುಂಬಾ ನಗು ತಂದುಕೊಂಡು "ನಾಳೆ" ಎನ್ನುತ್ತಾರೆ. ಆ ನಗು ನೋಡಿದವರು ಮರುಳಾಗಿ, ಹೌದೇನೋ ಎಂದುಕೊಂಡು ಹೊರಟುಬಿಡುತ್ತಾರೆ.

ನಾನು ಅವರ ನಾದಿನಿ. ಅದೇ ಅಂಗಡಿಯಲ್ಲಿ ಕೈಹೊಲಿಗೆ ಮಾಡಿಕೊಂಡು, ಕುಶನ್‌ಗಳಿಗೆ ಗುಂಡಿ ಹಾಕಿಕೊಂಡು ಇದ್ದೇನೆ. ಭಾವ ನನಗಿಟ್ಟ ಹೆಸರು ಸೂಜಿ. ಕೈಯಲ್ಲಿ ಯಾವಾಗಲೂ ಸೂಜಿ ಇರುವುದರಿಂದ ಹಾಗೆ ಕರೆಯುತ್ತೇನೆಂದು ಗಿರಾಕಿಗಳಿಗೆ ಹೇಳುತ್ತಾರೆ. ಬಾಯಿ ನೋಡಿ ಇಟ್ಟ ಹೆಸರು ಅದು ಎಂದು ನಮ್ಮಕ್ಕನಿಗೆ ಗೊತ್ತು, ನನಗೂ ಗೊತ್ತು. ಇರಲಿ, ಆ ಅಂಗಡಿಯಲ್ಲಿ ಒಬ್ಬರಿಗಾದರೂ ಬಾಯಿ ಬೇಡವೇ? ಭಾವನ ಬಾಯಿಯಲ್ಲಂತೂ ದಿನವಿಡೀ ಮೊಳೆ. ಸಣ್ಣ ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಒಂದೊಂದೇ ತೆಗೆದು ಬಟ್ಟೆಗೆ ಹೊಡೆಯುವುದು ಅವರ ಹಳೆಯ ಅಭ್ಯಾಸ. ಏನು ಕೇಳಿದರೂ "ಉಂ" ಅನ್ನುತ್ತಾರೆ, ಅಷ್ಟೇ.

ನಮ್ಮ ಊರಿನಲ್ಲಿ ಯಾರಾದರೂ ಮನೆಯೊಳಗೆ ಚಾಪೆಯ ಮೇಲೆ ಕೂತಿದ್ದರೆ ಅದಕ್ಕೆ ಭಾವನೇ ಕಾರಣ. ಅವರ ಸೋಫಾ ನಮ್ಮಲ್ಲಿರುತ್ತದೆ. ಹೀಗಾಗಿ ಸಂಜೆ ಆಗುತ್ತಲೇ ಸೋಫಾ ವಿಚಾರಿಸುವ ನೆಪ ಹೇಳಿಕೊಂಡು ಜನ ಬರುತ್ತಾರೆ, ತಮ್ಮ ತಮ್ಮ ಸೋಫಾಗಳ ಮೇಲೇ ಕೂರುತ್ತಾರೆ, ಹರಟೆ ಹೊಡೆದು ಎದ್ದು ಹೋಗುತ್ತಾರೆ. ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿನ ಕಂದು ರೆಕ್ಸಿನ್ ಸೋಫಾ ಕೊಟ್ಟು ಯಾವ ಕಾಲವಾಯಿತೋ! ಅವರ ರೋಗಿಗಳು ಗೋಡೆಗೊರಗಿ ನಿಂತು ಕೆನ್ನೆ ಹಿಡಿದುಕೊಂಡಿರುತ್ತಾರೆ, ಡಾಕ್ಟರು ಮಾತ್ರ ಸಂಜೆ ಇಲ್ಲಿ ಬಂದು ಕಾಲು ಚಾಚಿ ಕೂತಿರುತ್ತಾರೆ. ಇನ್ನೊಂದು ಹೂವಿನ ಬಟ್ಟೆಯ ಸೋಫಾ, ಮೇಲಿನ ಬೀದಿಯ ಗಂಡ ಹೆಂಡತಿಯದು. ಕೊಟ್ಟಾಗ ಆಗಷ್ಟೇ ಮದುವೆಯಾಗಿತ್ತು. ಈಗ ಅವರ ಮಗು ಅದೇ ಸೋಫಾದ ಅಂಚು ಹಿಡಿದುಕೊಂಡು ನಮ್ಮ ಅಂಗಡಿಯಲ್ಲೇ ನಡೆಯಲು ಕಲಿತಿದೆ. ಮೂರನೆಯದು ಕಂಡಕ್ಟರ್ ಅಜ್ಜನ ಹಸಿರು ಸೋಫಾ. ಅಜ್ಜ ಆಯಸ್ಸೆಲ್ಲ ಬಸ್ಸಿನಲ್ಲಿ ನಿಂತುಕೊಂಡೇ ಟಿಕೆಟ್ ಹರಿದವರು, ಇನ್ನಾದರೂ ಕೂತು ಕಾಲ ಕಳೆಯೋಣವೆಂದು ರಿಟೈರ್ ಆದ ಮೇಲೆ ಸೋಫಾ ರಿಪೇರಿಗೆ ಕೊಟ್ಟರು. ಪಾಪ, ಕೊಟ್ಟದ್ದು ನಾಳೆರಾಯರಿಗೆ.

ಇವೆಲ್ಲದರ ಮೇಲೆ, ಗೋಡೆಯ ಕೊಕ್ಕೆಯಲ್ಲಿ, ಒಂದು ಕುರ್ಚಿಯ ಬರೀ ಚೌಕಟ್ಟು ನೇತಾಡುತ್ತಿದೆ. ಅದು ಅಕ್ಕನದು. ಮದುವೆಯಾದ ಹೊಸತರಲ್ಲಿ ಭಾವ ಗುಜರಿಯಿಂದ ಆ ಮರದ ಚೌಕಟ್ಟು ತಂದು, "ಇದಕ್ಕೆ ಕುಶನ್ ಹಾಕಿ ನಿನ್ನನ್ನ ರಾಣಿ ಥರ ಕೂರಿಸ್ತೀನಿ ನೋಡ್ತಿರು" ಎಂದಿದ್ದರಂತೆ. ಅಕ್ಕ ನೋಡುತ್ತಲೇ ಇದ್ದಾಳೆ. ಊರಿನವರ ಬೆನ್ನಿಗೆಲ್ಲ ಮೆತ್ತೆ ಹೊಲಿಯುವವರ ಸ್ವಂತ ಮನೆಯಲ್ಲಿ ಕೂರಲು ಇರುವುದು ಒಂದು ಮರದ ಬೆಂಚು, ಅದರ ಒಂದು ಕಾಲಿಗೆ ಮಡಚಿಟ್ಟ ರಟ್ಟು.

ನಮ್ಮಕ್ಕ ಶಾಲೆಯ ಲೈಬ್ರರಿಯಲ್ಲಿ ಪುಸ್ತಕ ಕೊಡುವ ಕೆಲಸದಲ್ಲಿದ್ದಾಳೆ. ತಡವಾಗಿ ತಂದವರಿಗೆ ದಂಡ ಹಾಕುವುದು ಅವಳಿಗೆ ರಕ್ತಗತವಾಗಿ ಹೋಗಿದೆ. ಗಂಡನನ್ನು ಬಿಟ್ಟಾಳೆಯೇ? ಕುರ್ಚಿಗೂ ಬಡ್ಡಿ ಹಾಕತೊಡಗಿದಳು. ಮೊದಲು ಕೇಳಿದ್ದು ಬರೀ ಕೂರುವ ಮೆತ್ತೆ. ಅದು ತಡವಾಯಿತೆಂದು ಕೈಗಳಿಗೂ ಮೆತ್ತೆ ಬೇಕೆಂದಳು. ಆಮೇಲೆ ಬೆನ್ನು ತಲೆಯವರೆಗೆ ಎತ್ತರವಾಗಬೇಕೆಂದಳು. ಕೊನೆಗೆ ಕಾಲಿಡಲು ಒಂದು ಮೆತ್ತನೆಯ ಮಣೆಯೂ ಬೇಕು ಎಂದುಬಿಟ್ಟಳು. ಜೊತೆಗೆ ಒಂದು ಹಟ: ತನ್ನ ಕುರ್ಚಿ ಆಗುವವರೆಗೆ ಆ ಅಂಗಡಿಯಲ್ಲಿ ಕೂರುವುದಿಲ್ಲ. ಮಧ್ಯಾಹ್ನ ಊಟದ ಡಬ್ಬಿ ತರುತ್ತಾಳೆ, ಸಂಜೆ ಖಾಲಿ ಡಬ್ಬಿ ಒಯ್ಯಲು ಬರುತ್ತಾಳೆ, ಎರಡು ಸಲವೂ ಬಾಗಿಲ ಹತ್ತಿರ ನಿಂತೇ ಇರುತ್ತಾಳೆ. ಡಾಕ್ಟರು ಎದ್ದು ಜಾಗ ಬಿಟ್ಟುಕೊಟ್ಟರೆ, "ಬೇಡಿ ಡಾಕ್ಟ್ರೇ, ನನ್ನದು ನಾಳೆ ಬರುತ್ತಂತೆ" ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ. ಭಾವ ಮೊಳೆ ಕಚ್ಚಿಕೊಂಡೇ ನಗುತ್ತಾರೆ.

ಇಂಥ ಮನುಷ್ಯ ಒಂದು ಸಲ ಕೆಲಸ ಹೇಳಿದ ದಿನಕ್ಕೆ ಮುಗಿಸಿದ್ದರು. ಒಂದು ಚಿತ್ರಮಂದಿರದ ಸೀಟುಗಳಿಗೆಲ್ಲ ಹೊಸ ಕುಶನ್ ಹಾಕುವ ಗುತ್ತಿಗೆ. ಮಾಲೀಕ ಮಾತಿನಲ್ಲಿ ಮನೆ ಕಟ್ಟುವವನು. ಫೋಮು, ರೆಕ್ಸಿನ್ನು ಎಲ್ಲವನ್ನೂ ಭಾವ ತಮ್ಮ ಕ್ರೆಡಿಟ್ ಕಾರ್ಡಿನಲ್ಲಿ ತಂದರು. ಹಗಲೆಲ್ಲ ದುಡಿದು ಹೇಳಿದ ದಿನಕ್ಕೆ ಸರಿಯಾಗಿ ಮುಗಿಸಿ ಕೊಟ್ಟರು. ಆ ಮಾಲೀಕ ಹೊಸ ಸೀಟಿನ ಮೇಲೆ ಒಂದು ಸಿನಿಮಾವನ್ನೂ ತೋರಿಸದೆ ಚಿತ್ರಮಂದಿರಕ್ಕೆ ಬೀಗ ಜಡಿದು ನಾಪತ್ತೆಯಾದ. ಸಾಲ ಭಾವನ ತಲೆಗೆ ಬಂತು. ಕಾರ್ಡಿನವರು ತಿಂಗಳು ತಿಂಗಳು "ಕನಿಷ್ಠ ಮೊತ್ತ" ಎಂದು ಒಂದು ಚಿಕ್ಕ ಅಂಕಿ ಕಳಿಸುತ್ತಿದ್ದರು. ಭಾವ, ಎಂಥ ಒಳ್ಳೆಯ ಜನ, ಇಷ್ಟು ಕೊಟ್ಟರೆ ಸಾಕಂತೆ ಎಂದು ಅಷ್ಟನ್ನೇ ಕಟ್ಟುತ್ತಾ ಹೋದರು. ಉಳಿದದ್ದು ಹಿಟ್ಟಿನ ಹಾಗೆ ಉಬ್ಬುತ್ತಾ ಹೋಯಿತು. ಕಣ್ಣು ಬಿಟ್ಟು ನೋಡುವ ಹೊತ್ತಿಗೆ ಬಡ್ಡಿಯೇ ಅಸಲನ್ನು ಮೀರಿಸಿತ್ತು.

ಅಕ್ಕನೇ ಅವರ ಕೈ ಹಿಡಿದುಕೊಂಡು, ಸಾಲಕ್ಕೆ ದಾರಿ ತೋರಿಸುವ ಒಂದು ಆಫೀಸಿಗೆ ಕರೆದುಕೊಂಡು ಹೋದಳು. ಚಪ್ಪಲಿ ಅಂಗಡಿಯ ಮಹಡಿಯ ಮೇಲಿನ ಒಂದು ಕೋಣೆ. ಜೊತೆಗೆ ನಾನೂ ಹೋಗಿದ್ದೆ. ಅಲ್ಲಿದ್ದ ಹೆಂಗಸನ್ನು ನಾವು ಅಂದಿನಿಂದ ಪ್ಲಾನ್ ಮೇಡಂ ಎಂದೇ ಕರೆಯುತ್ತೇವೆ. ಅವರು ಬಹಳ ತಾಳ್ಮೆಯಿಂದ ವಿವರಿಸಿದರು: ತಾವು ಬ್ಯಾಂಕಿನವರ ಜೊತೆ ಮಾತಾಡಿ ಬಡ್ಡಿ ಇಳಿಸುತ್ತೇವೆ, ಭಾವ ತಿಂಗಳಿಗೊಂದು ಕಂತು ತಪ್ಪದೆ ಕಟ್ಟಬೇಕು, ಒಂದು ತಪ್ಪಿದರೂ ಬ್ಯಾಂಕಿನವರು ರಿಯಾಯಿತಿ ಹಿಂದಕ್ಕೆ ತೆಗೆದುಕೊಂಡು ಮತ್ತೆ ಹಳೆಯ ಬಡ್ಡಿ ಏರಿಸಬಹುದು. ಭಾವ ತಲೆ ಆಡಿಸುತ್ತಿದ್ದರು. ಬೆರಳು ಮಾತ್ರ ಕೂತ ಕುರ್ಚಿಯ ಅಡಿಯನ್ನು ತಡವುತ್ತಿತ್ತು.

"ಮೇಡಂ, ಇದರ ಕೆಳಗಿನ ಪಟ್ಟಿ ಹರಿದಿದೆ. ಕಳಿಸಿಕೊಡಿ, ಒಂದೇ ದಿನದಲ್ಲಿ ಮಾಡಿಕೊಡ್ತೀನಿ."

"ಕಳಿಸ್ಬೇಡಿ ಮೇಡಂ" ಎಂದೆ ನಾನು. "ಆಮೇಲೆ ನೀವು ನಿಂತ್ಕೊಂಡು ಕೆಲಸ ಮಾಡ್ಬೇಕಾಗುತ್ತೆ."

ಕಾರ್ಡನ್ನು ಅಲ್ಲೇ ಕತ್ತರಿಸಬೇಕೆಂದರು. ಭಾವ ಜೇಬಿನಿಂದ ತಮ್ಮ ದೊಡ್ಡ ಕತ್ತರಿ ತೆಗೆದು, ಬಟ್ಟೆಗೆ ಅಂಚು ಬಿಡುವ ಹಾಗೆ ಅಳೆದೂ ಸುರಿದೂ ನೀಟಾಗಿ ಕತ್ತರಿಸಿದರು. ಪ್ಲಾನ್ ಮೇಡಂ ಮೊದಲ ಸಲ ನಕ್ಕದ್ದು ಆಗಲೇ.

ಮೊದಲ ಕಂತು ಸರಿಯಾದ ಸಮಯಕ್ಕೆ ಹೋಯಿತು. ಅದು ಭಾವನ ತಲೆಗೇರಿತು. ಸಂಜೆ ಅಂಗಡಿಯಲ್ಲಿ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. "ನಾಳೆರಾಯರು ಹೋದ್ರು, ಇನ್ಮೇಲೆ ಇವರು ಇವತ್ತುರಾಯರು" ಎಂದು ಕಂಡಕ್ಟರ್ ಅಜ್ಜ ಬೇರೆ ಹೇಳಿದರು. ಭಾವ ಎದೆ ಉಬ್ಬಿಸಿಕೊಂಡರು. ಎರಡನೆಯ ಕಂತಿನ ಹೊತ್ತಿಗೆ, ಇನ್ನೂ ಆ ತಿಂಗಳ ಬಿಲ್ ತಯಾರಾಗುವ ಮೊದಲೇ, ಇಸ್ತ್ರಿ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಬ್ಯಾಂಕಿಗೆ ಹೋಗಿ ದುಡ್ಡು ಕಟ್ಟಿ ಬಂದರು. ಜನ್ಮದಲ್ಲಿ ಮೊದಲ ಸಲ ಒಂದು ಕೆಲಸವನ್ನು ಹೇಳುವ ಮುಂಚೆ ಮಾಡಿದ್ದರು. ಬ್ಯಾಂಕಿನ ಚೀಟಿಯನ್ನು ಪ್ರತಿಯೊಬ್ಬರ ಮೂಗಿನ ಕೆಳಗೂ ಹಿಡಿದರು. ಆ ಮಗುವಿಗೂ ತೋರಿಸಿದರು. ಅದು ಬಾಯಿಗೆ ಹಾಕಿಕೊಳ್ಳಲು ನೋಡಿತು.

ಆ ಕಂತಿನ ಗಡುವು ದಾಟಿತು. ಒಂದು ಬೆಳಿಗ್ಗೆ ಭಾವ ಡಾಕ್ಟರ ಸೋಫಾದ ಒಂದು ಕೈಗೆ ರೆಕ್ಸಿನ್ ಎಳೆದು ಹಿಡಿದಿದ್ದಾಗ ಫೋನು ಟಿಣ್ ಅಂದಿತು. ಬಾಯಲ್ಲಿ ಮೊಳೆ, ಕೈಯಲ್ಲಿ ಸುತ್ತಿಗೆ. "ಉಂ ಉಂ" ಎಂದು ಫೋನಿನ ಕಡೆ ಗಲ್ಲ ತೋರಿಸಿದರು. ನಾನೇ ಓದಿದೆ. ಈ ತಿಂಗಳ ಕಂತು ಬಂದಿಲ್ಲ, ಆದ್ದರಿಂದ ರಿಯಾಯಿತಿ ಬಡ್ಡಿ ರದ್ದಾಗಿದೆ, ಇನ್ನು ಮುಂದೆ ಪೂರ್ತಿ ಬಡ್ಡಿ. ಎಷ್ಟು ಎಂದು ಓದಿ ಹೇಳಿದೆ. ಭಾವ ಸುತ್ತಿಗೆ ಕೆಳಗಿಟ್ಟರು. ಬಾಯಿಂದ ಮೊಳೆಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು. ಆಮೇಲೆ, "ಕಟ್ಟಿದ್ದೀನಲ್ಲೇ, ಎಲ್ಲರಿಗಿಂತ ಮೊದಲೇ ಕಟ್ಟಿದ್ದೀನಲ್ಲ" ಎಂದರು. ಬೈಯಬೇಕೆಂದಿದ್ದವಳು ಬ್ಯಾಂಕಿನ ಚೀಟಿ ಹುಡುಕಿ ತೆಗೆದೆ.

ಆವತ್ತೇ ಇಬ್ಬರೂ ಪ್ಲಾನ್ ಮೇಡಂ ಹತ್ತಿರ ಓಡಿದೆವು. ಅವರು ಚೀಟಿ ನೋಡಿದರು, ಕಂಪ್ಯೂಟರ್ ನೋಡಿದರು, ಭಾವನ ಮುಖ ನೋಡಿದರು.

"ನೀವು ಬಿಲ್ ಹುಟ್ಟೋಕೆ ಮೊದಲೇ ಕಟ್ಟಿಬಿಟ್ಟಿದ್ದೀರಿ ಸರ್. ಅದು ಹೋದ ತಿಂಗಳ ಲೆಕ್ಕಕ್ಕೆ ಸೇರಿಕೊಂಡಿದೆ. ಹೋದ ತಿಂಗಳು ಎರಡು ಸಲ ಕಟ್ಟಿದ ಹಾಗಾಯ್ತು, ಈ ತಿಂಗಳು ಒಂದೂ ಇಲ್ಲ."

"ಹಾಗಾದ್ರೆ ನನ್ನ ದುಡ್ಡು?"

"ಎಲ್ಲೂ ಹೋಗಿಲ್ಲ. ಸಾಲ ಅಷ್ಟು ಕಡಿಮೆ ಆಗಿದೆ. ಆದ್ರೆ ಈ ತಿಂಗಳ ಕಂತು ತಪ್ಪಿದೆ ಅಂತ ಬ್ಯಾಂಕಿನವರು ಹೇಳ್ತಾರೆ."

ನನಗೆ ಪಿತ್ತ ನೆತ್ತಿಗೇರಿತು. "ಅಲ್ಲ ಮೇಡಂ, ತಡವಾಗಿ ಕಟ್ಟಿದ್ರೂ ದಂಡ, ಬೇಗ ಕಟ್ಟಿದ್ರೂ ದಂಡ! ಇದು ಯಾವ ನ್ಯಾಯ? ಜನ ಹೊಸ್ತಿಲ ಮೇಲೆ ನಿಂತು ಗಡಿಯಾರ ನೋಡ್ಕೊಂಡು ಕಟ್ಬೇಕಾ?"

"ಸ್ವಲ್ಪ ಹಾಗೇನೇ ಅಮ್ಮ" ಎಂದರು ಪ್ಲಾನ್ ಮೇಡಂ. ಅವರಿಗೂ ಬೇಜಾರಾಗಿತ್ತು. ನಮ್ಮೆದುರೇ ಬ್ಯಾಂಕಿಗೆ ಫೋನ್ ಮಾಡಿ ಬಹಳ ಹೊತ್ತು ವಾದಿಸಿದರು. ಮೂರು ಜನರಿಗೆ ಮೂರು ಸಲ ಅದೇ ಕಥೆ ಹೇಳಿದರು. ಕೊನೆಗೆ ಫೋನ್ ಇಟ್ಟು ಹೇಳಿದರು: ಶುಕ್ರವಾರ ಬ್ಯಾಂಕ್ ಮುಚ್ಚುವುದರೊಳಗೆ ಇನ್ನೊಂದು ಕಂತು ಕಟ್ಟಿದರೆ ತಪ್ಪಿದ್ದನ್ನು ಮನ್ನಿಸಿ ಹಳೆಯ ರಿಯಾಯಿತಿಯನ್ನೇ ಕೊಡುತ್ತಾರೆ. ಕಟ್ಟದಿದ್ದರೆ ಪ್ಲಾನ್ ಮುರಿದ ಹಾಗೆ. ಪೂರ್ತಿ ಬಡ್ಡಿಯ ಕಂತನ್ನು ನಮ್ಮ ಅಂಗಡಿಯ ಸಂಪಾದನೆಯಲ್ಲಿ ಯಾವ ಲೆಕ್ಕ ಹಾಕಿದರೂ ಕಟ್ಟಲು ಆಗುವುದಿಲ್ಲ. ಅಂಗಡಿ ಖಾಲಿ ಮಾಡಿ, ಕಟ್ಟಡದ ಮಾಲೀಕರ ಹತ್ತಿರ ಇಟ್ಟ ಅಡ್ವಾನ್ಸ್ ಹಣ ತಂದು ಬ್ಯಾಂಕಿಗೆ ಸುರಿಯಬೇಕು. ಆಮೇಲೆ ಭಾವ ಯಾರ ಕೈಕೆಳಗಾದರೂ ಕೂಲಿಗೆ ಹೋಗಬೇಕು.

ಅಕ್ಕನಿಗೆ ವಿಷಯ ಹೇಳಿದಾಗ ಅವಳು ಸೊಂಟದ ಮೇಲೆ ಕೈ ಇಟ್ಟು ಗಂಡನನ್ನು ನೋಡಿದಳು. "ನನ್ನ ಕುರ್ಚಿ ಅಂದ್ರೆ ಇಷ್ಟು ವರ್ಷ. ಬ್ಯಾಂಕಿನವರು ಅಂದ್ರೆ ಬಿಲ್ ಹುಟ್ಟೋಕ್ಕೆ ಮುಂಚೆ! ಅವರೇನು ನಿಮ್ಮ ಅತ್ತೆ ಮಕ್ಕಳಾ?" ಎಂದಳು. ಆದರೆ ಅಷ್ಟು ಹೇಳಿ ಅವರ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ನಮ್ಮಕ್ಕ ಹಾಗೆಯೇ, ಮಾತು ಒಂದು ಕಡೆ, ಕೈ ಇನ್ನೊಂದು ಕಡೆ.

ದುಡ್ಡು ಎಲ್ಲಿಂದ ಬರಬೇಕು ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ಅದು ನಮ್ಮ ಕಣ್ಣೆದುರಿಗೇ ಸೋಫಾಗಳ ರೂಪದಲ್ಲಿ ಕೂತಿತ್ತು. ಮೂವರೂ ಅರ್ಧ ಅಡ್ವಾನ್ಸ್ ಕೊಟ್ಟಿದ್ದರು. ಕೆಲಸ ಮುಗಿಸಿ ಕೊಟ್ಟರೆ ಉಳಿದರ್ಧ ಬರುತ್ತದೆ, ಮೂರೂ ಸೇರಿದರೆ ಕಂತಿಗೆ ಸರಿಹೋಗುತ್ತದೆ. ಅಲ್ಲದೆ ಮುಗಿಸಲು ಇದ್ದದ್ದಾದರೂ ಏನು? ಡಾಕ್ಟರದಕ್ಕೆ ಒಂದು ಕೈ ಬಾಕಿ. ಹೂವಿನ ಸೋಫಾಕ್ಕೆ ಬೆನ್ನಿನ ಗುಂಡಿಗಳು ಬಾಕಿ, ಅದು ನನ್ನ ಕೆಲಸ, ಭಾವ ಗುರುತು ಹಾಕಿ ಕೊಡಬೇಕಿತ್ತು ಅಷ್ಟೇ. ಅಜ್ಜನದಕ್ಕೆ ಅಡಿಯ ಬಟ್ಟೆ ಬಾಕಿ. ಎಲ್ಲದರಲ್ಲೂ ಚೂರು ಚೂರು ಉಳಿಸಿಟ್ಟಿದ್ದರು ಪುಣ್ಯಾತ್ಮ!

ಸೋಮವಾರದಿಂದ ನಾನು ಭಾವನ ತಲೆಯ ಮೇಲೆ ಕೂತೆ. ಡಾಕ್ಟರ ಸೋಫಾ ಮಂಗಳವಾರ ಮುಗಿಯಿತು. ಹೂವಿನದಕ್ಕೆ ಬುಧವಾರ ಗುಂಡಿ ಎಳೆಯುತ್ತಾ ನನ್ನ ಬೆರಳು ಬಾತುಕೊಂಡಿತು, ಸಿಟ್ಟೂ ಬಾತುಕೊಂಡಿತು.

"ಅಲ್ಲ ಭಾವ, ಇಷ್ಟೇ ಕೆಲಸ ಇತ್ತಲ್ಲ, ಇದಕ್ಕೆ ಇಷ್ಟು ಕಾಲ ಬೇಕಿತ್ತಾ? ಸೋಮಾರಿತನಕ್ಕೂ ಒಂದು ಮಿತಿ ಬೇಡ್ವಾ?"

ಆಗ ಅವರ ಬಾಯಿಯಲ್ಲಿ ಮೊಳೆ ಇರಲಿಲ್ಲ. ಅಜ್ಜನ ಸೋಫಾವನ್ನು ಬೋರಲು ಹಾಕಿ, ಅಡಿಯ ಬಟ್ಟೆಗೆ ಅಳತೆ ಹಿಡಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಮುಗಿಸಿದ್ರೆ ತಗೊಂಡು ಹೋಗ್ತಾರೆ ಕಣೇ ಸೂಜಿ."

"ತಗೊಂಡು ಹೋಗೋಕೆ ತಾನೇ ಕೊಡೋದು?"

"ಸೋಫಾ ಹೋದ್ರೆ ಅವರೂ ಹೋಗ್ತಾರೆ. ಮತ್ತೆ ಯಾಕೆ ಬರ್ತಾರೆ ಹೇಳು? ಹಲ್ಲು ಕೀಳೋರಿಗೆ ನನ್ನ ಹತ್ರ ಏನು ಕೆಲಸ? ನೀನು ಬರೋವರೆಗೂ ನಾನು ನಮ್ಮಪ್ಪನ ಕಾಲದಿಂದ ಈ ಕೋಣೇಲಿ ಒಬ್ಬನೇ ಗೋಡೆ ಕಡೆ ಮುಖ ಮಾಡಿ ಮೊಳೆ ಹೊಡ್ದೋನು. ಒಂದು ಸೋಫಾ ತಡ ಆಯ್ತು, ಅವರು ಬಂದು ಕೂತ್ರು, ಎರಡು ಮಾತಾಡಿದ್ರು. ಹಿತ ಆಯ್ತು. ಆಮೇಲೆ ಮುಗಿಸೋಕೆ ಮನಸ್ಸೇ ಬರಲ್ಲ."

ನಾನು ಎಳೆದ ಗುಂಡಿಯನ್ನೇ ಮತ್ತೊಮ್ಮೆ ಎಳೆದೆ. ಅಷ್ಟು ವರ್ಷ ನಾನು ಅವರ ಎದುರಿಗೇ ಕೂತು ಗುಂಡಿ ಹಾಕಿದ್ದೇನೆ, ಈ ಮನುಷ್ಯನಿಗೆ ಹೀಗೊಂದು ಆಸೆ ಇದೆಯೆಂದು ನನಗೆ ಹೊಳೆದೇ ಇರಲಿಲ್ಲ. ಅಂಗಡಿ ಉಳಿಸಿಕೊಳ್ಳಲು ಅಂಗಡಿಯನ್ನು ಖಾಲಿ ಮಾಡಬೇಕಿತ್ತು, ಅದೂ ತಮ್ಮ ಕೈಯಾರೆ. ಮಾಡಿದರು. ಅಡಿಯ ಬಟ್ಟೆಗೆ ಒಂದೊಂದೇ ಮೊಳೆ ಹೊಡೆದು, ಸೋಫಾ ನೇರ ಮಾಡಿ ನಿಲ್ಲಿಸಿ, ಬ್ರಷ್ಷಿನಿಂದ ಧೂಳು ಹೊಡೆದರು.

ಗುರುವಾರ ಡಾಕ್ಟರು ಗಾಡಿ ತಂದು ಸೋಫಾ ಒಯ್ದರು. ದುಡ್ಡು ಎಣಿಸಿ ಕೊಟ್ಟು, "ಏನು ನಾಳೆರಾಯರೇ, ಹುಷಾರಾಗಿದ್ದೀರಿ ತಾನೇ?" ಎಂದು ಭಾವನ ಹಣೆ ಮುಟ್ಟಿ ನೋಡಿದರು. ಹೂವಿನ ಸೋಫಾ ಗಾಡಿಗೆ ಏರಿಸುವಾಗ ಆ ಮಗು ಅದರ ಅಂಚು ಬಿಡದೆ ಅಂಗಡಿಯ ಸೂರು ಹಾರಿಹೋಗುವಂತೆ ಚೀರಿತು. ಅದರ ಪಾಲಿಗೆ ಆ ಸೋಫಾದ ಜಾಗ ನಮ್ಮ ಅಂಗಡಿಯೇ. ಅದರಮ್ಮ ಬಾಕಿ ದುಡ್ಡು ಕೊಟ್ಟು, ಮಗುವನ್ನು ಬಲವಂತವಾಗಿ ಬಿಡಿಸಿಕೊಂಡು ಹೋದಳು. ಭಾವ ಒಳಗೆ ಹೋಗಿ, ಸುಮ್ಮನೆ ಫೋಮಿನ ಚೂರುಗಳನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಗುಡಿಸಿದರು.

ಉಳಿದದ್ದು ಕಂಡಕ್ಟರ್ ಅಜ್ಜನದು. ಗುರುವಾರವೇ ಹೇಳಿ ಕಳಿಸಿದ್ದೆವು, ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ನಾನೇ ಹೋಗಿ ಕರೆದುಕೊಂಡು ಬಂದೆ. ಅಜ್ಜ ಸೋಫಾದ ಸುತ್ತ ಒಂದು ಸುತ್ತು ಬಂದರು. ಕೈಯಿಂದ ಒತ್ತಿದರು. ಕೂತು, ಎದ್ದು, ಮತ್ತೆ ಕೂತರು.

"ಈ ಹಸಿರು ಸ್ವಲ್ಪ ಜಾಸ್ತಿ ಹಸಿರಾಯ್ತೇನೋ" ಎಂದರು.

"ಬಟ್ಟೆ ನೀವೇ ಆರಿಸಿದ್ದು ಅಜ್ಜ" ಎಂದೆ.

"ಎಡಗಡೆ ಸ್ಪ್ರಿಂಗ್ ಯಾಕೋ ಗಟ್ಟಿ."

ಭಾವ ಕೂತು ನೋಡಿದರು. "ಸರಿ ಇದೆಯಲ್ಲ ಅಜ್ಜ."

"ಹಾಗಾದ್ರೆ... ನಾಳೆ ತಗೊಂಡು ಹೋಗ್ಲಾ?"

ಅಂಗಡಿಯಲ್ಲಿ ಆ ಮಾತನ್ನು ಗಿರಾಕಿಯ ಬಾಯಿಂದ ಕೇಳಿದ್ದು ಅದೇ ಮೊದಲು. ಭಾವ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದರು. ಒಯ್ಯದ ಸಾಮಾನಿಗೆ ದುಡ್ಡು ಕೇಳುವುದು ಅವರಿಗೆ ಸಾಯುವಷ್ಟು ಸಂಕೋಚ. ಆ ಸಂಕೋಚವೆಲ್ಲ ನನಗಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ಬಿಲ್ ಹುಟ್ಟುವ ಮೊದಲೇ ಕಟ್ಟಿದ್ದು, ಬಡ್ಡಿ ಏರಿದ್ದು, ಬ್ಯಾಂಕ್ ಮುಚ್ಚುವುದರೊಳಗೆ ಕಟ್ಟದಿದ್ದರೆ ಈ ಬಾಗಿಲು ಹಾಕಬೇಕಾದದ್ದು, ಎಲ್ಲವನ್ನೂ.

ಅಜ್ಜ ಅಂಗಿಯ ಒಳಜೇಬಿನಿಂದ ದುಡ್ಡು ತೆಗೆದು, ಅಭ್ಯಾಸಬಲದಿಂದ ನೋಟುಗಳನ್ನು ಬೆರಳ ಸಂದಿಯಲ್ಲಿ ಮಡಚಿ ಹಿಡಿದು ಎಣಿಸಿದರು.

"ತಗೊಳ್ಳಪ್ಪ. ಇದನ್ನ ಮೊದಲೇ ಬಾಯಿಬಿಟ್ಟು ಹೇಳೋದಲ್ವಾ?" ಎಂದರು. "ಆದ್ರೆ ಒಂದು ಮಾತು. ಸೋಫಾ ಇಲ್ಲೇ ಇರ್ಲಿ."

"ಇಲ್ಲೇನಾ?"

"ಮನೆಗೆ ಒಯ್ದು ಏನ್ ಮಾಡ್ಲಿ? ಅದರ ಮೇಲೆ ಕೂತು ಗೋಡೆ ನೋಡ್ಲಾ? ನಾನೇನು ಸೋಫಾಕ್ಕೋಸ್ಕರ ದಿನಾ ಬರ್ತಿದ್ದೆ ಅಂದ್ಕೊಂಡ್ರಾ?"

ಭಾವ ಏನೋ ಹೇಳಲು ಹೊರಟರು. ಮೊಳೆ ಇಲ್ಲದ ಬಾಯಿಂದಲೂ "ಉಂ" ಎಂದೇ ಬಂತು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. "ಬ್ಯಾಂಕ್ ಮುಚ್ಚುತ್ತೆ, ನಡೀರಿ!" ಎಂದು ಕೂಗಿದೆ. ಅಳು ಬಂದಾಗ ನನಗೆ ಕೂಗುವುದೊಂದೇ ದಾರಿ.

ಅಜ್ಜನನ್ನು ಅಂಗಡಿ ಕಾಯಲು ಕೂರಿಸಿ ನಾವಿಬ್ಬರೂ ಬಿದ್ದಂಬೀಳ ಓಡಿದೆವು. ಕೌಂಟರಿನಲ್ಲಿ ದುಡ್ಡು ಕೊಡುವ ಮುಂಚೆ ಭಾವ ಗಾಜಿನ ಕಿಂಡಿಗೆ ಬಾಯಿ ಹಚ್ಚಿ ಮೆಲ್ಲಗೆ ಕೇಳಿದರು: "ಬಿಲ್ ಹುಟ್ಟಿದೆ ತಾನೇ?"

"ಏನು ಸರ್?"

"ಈ ತಿಂಗಳದು. ನಾನು ಮೊದಲೇ ಬಂದಿಲ್ಲ ತಾನೇ?"

ಕಿಂಡಿಯ ಹಿಂದಿನವನು ಕಂಪ್ಯೂಟರ್ ನೋಡಿದ. "ಮೊದಲೇನು ಸರ್, ಇವತ್ತು ಬರದೇ ಇದ್ದಿದ್ರೆ ಮುಗೀತಿತ್ತು."

"ಅಬ್ಬ" ಎಂದರು ಭಾವ. ತಡವಾಗಿ ಬಂದಿದ್ದೀರಿ ಎಂದು ಕೇಳಿ ಅಷ್ಟು ಸಂತೋಷಪಟ್ಟ ಮನುಷ್ಯನನ್ನು ಆ ಬ್ಯಾಂಕಿನವರು ಹಿಂದೆ ಕಂಡಿರಲಾರರು.

ಮುಂದಿನ ಮಂಗಳವಾರ ಪ್ಲಾನ್ ಮೇಡಂ ಫೋನ್ ಮಾಡಿದರು. ಬಡ್ಡಿ ಮತ್ತೆ ಇಳಿದಿತ್ತು, ಪ್ಲಾನ್ ಉಳಿದಿತ್ತು. "ಸರ್, ದಯವಿಟ್ಟು ಮುಂದಿನ ತಿಂಗಳು ಬೇಗ ಕಟ್ಟಬೇಡಿ. ಬಿಲ್ ಬಂದ ಮೇಲೆ ನಾನೇ ಮೆಸೇಜ್ ಮಾಡ್ತೀನಿ" ಎಂದರಂತೆ. ಭಾವನಿಗೆ ಯಾರಾದರೂ ತಡ ಮಾಡಿ ಎಂದು ಬೇಡಿಕೊಂಡದ್ದು ಅದೇ ಮೊದಲು.

ಆ ಸಂಜೆ ಅಂಗಡಿಯಲ್ಲಿ ಅಜ್ಜನ ಹಸಿರು ಸೋಫಾ ಒಂದೇ ಇತ್ತು. ಭಾವ ಮಧ್ಯಾಹ್ನದಿಂದ ಮೂಲೆಯಲ್ಲಿ ನಮಗೆ ಬೆನ್ನು ಹಾಕಿ ಕೂತು ಏನೋ ಮಾಡುತ್ತಿದ್ದರು. ಅಕ್ಕ ಖಾಲಿ ಡಬ್ಬಿಗೆಂದು ಬಂದು ಬಾಗಿಲ ಹತ್ತಿರ ಎಂದಿನಂತೆ ನಿಂತಳು. ಭಾವ ಎದ್ದು ಬಂದು ಅವಳ ಕಾಲ ಬಳಿ ಒಂದು ಮಣೆ ಇಟ್ಟರು. ಅಡಿಗೆ ಮರದ ಹಲಗೆ, ಮೇಲೆ ದಪ್ಪ ಮೆತ್ತೆ. ಒಂದು ಪಕ್ಕ ಡಾಕ್ಟರ ಕಂದು ರೆಕ್ಸಿನ್, ಇನ್ನೊಂದು ಪಕ್ಕ ಹೂವಿನ ಬಟ್ಟೆ, ಸುತ್ತ ಅಜ್ಜನ ಹಸಿರು ಪಟ್ಟಿ. ಉಳಿದ ಚೂರುಗಳನ್ನೆಲ್ಲ ಜೋಡಿಸಿ ಹೊಲಿದಿದ್ದರು.

"ಇದೇನ್ರೀ?" ಎಂದಳು ಅಕ್ಕ.

"ಬಡ್ಡಿ" ಎಂದರು ಭಾವ. "ಕಾಲುಮಣೆ ಕೇಳಿದ್ದೆಯಲ್ಲ, ಕೊನೇದಾಗಿ. ಅಸಲು..." ಎಂದು ಕೊಕ್ಕೆಯ ಕಡೆ ನೋಡಿದರು.

"ಅಸಲು ಕೇಳಿದೆನಾ ನಾನು?" ಎಂದು ಅಕ್ಕ ಸೆರಗು ಎಳೆದುಕೊಂಡು ಆ ಮಣೆಯ ಮೇಲೆ ಕೂತೇಬಿಟ್ಟಳು. ಆ ಅಂಗಡಿಯಲ್ಲಿ ಅವಳು ಕೂತದ್ದನ್ನು ನಾನು ಕಂಡದ್ದು ಅಂದೇ. ಅಜ್ಜ ಸೋಫಾದ ಮೇಲಿಂದ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಹಲ್ಲಿನ ಡಾಕ್ಟರು ಬಾಗಿಲಲ್ಲಿ ಇಣುಕಿ, "ಈ ಕಡೆ ಹೋಗ್ತಾ ಇದ್ದೆ, ಹಾಗೇ ಬಂದೆ" ಎಂದು ಅಜ್ಜನ ಪಕ್ಕ ಜಾಗ ಮಾಡಿಕೊಂಡು ಕೂತರು. ಅವರ ಕ್ಲಿನಿಕ್ಕು, ಮನೆ ಎರಡೂ ಇರುವುದು ಊರಿನ ಆ ಕಡೆ. ಭಾವ ಅವರನ್ನೇ ನೋಡುತ್ತಾ ನಿಂತುಬಿಟ್ಟರು. ಆಮೇಲೆ ನೆನಪಾದವರಂತೆ ಟೀ ತರಲು ಓಡಿದರು.

ಪ್ಲಾನ್ ಇನ್ನೂ ನಡೆಯುತ್ತಿದೆ. ಕಂತು ಬಿಲ್ ಹುಟ್ಟಿದ ಮೇಲೆಯೇ ಹೋಗುತ್ತದೆ. ಹೊಸ ಸೋಫಾಗಳು ಬಂದಿವೆ, ಭಾವ ಈಗ ಅವನ್ನು ಹೇಳಿದ ದಿನಕ್ಕೆ ಮುಗಿಸಿಯೂ ಕೊಡುತ್ತಾರೆ. ಸೋಫಾ ಹೋದ ಮೇಲೂ ಕೆಲವರು ಬರುತ್ತಾರೆ, ಅಜ್ಜನ ಸೋಫಾದ ಮೇಲೆ ಒತ್ತೊತ್ತಿ ಕೂರುತ್ತಾರೆ. ಅಕ್ಕ ದಿನಾ ತನ್ನ ಮಣೆಯ ಮೇಲೆ, ಎಲ್ಲರಿಗಿಂತ ಕೆಳಗೆ, ಎಲ್ಲರಿಗಿಂತ ಜೋರಾಗಿ ಮಾತಾಡುತ್ತಾ ಕೂತಿರುತ್ತಾಳೆ.

ಮೊನ್ನೆ ಕೈಯಲ್ಲಿ ಕೆಲಸ ಕಡಿಮೆ ಇತ್ತು. ಭಾವ ಏಣಿ ತಂದು ಕೊಕ್ಕೆಯಿಂದ ಆ ಕುರ್ಚಿಯ ಚೌಕಟ್ಟು ಇಳಿಸಲು ಹತ್ತಿದರು. ಅಕ್ಕ ಮಣೆಯಿಂದ ಧಡಕ್ಕನೆ ಎದ್ದು ಹೋಗಿ ಏಣಿ ಹಿಡಿದುಕೊಂಡಳು.

"ಇಳೀರಿ ಸುಮ್ನೆ" ಎಂದಳು. "ಅಸಲು ತೀರಿಸ್ಬಿಟ್ರೆ, ಆಮೇಲೆ ನಿಮ್ಮನ್ನ ನಾನು ಏನಂತ ಬೈಲಿ?"